ಅಕ್ಷರ ಶುದ್ಧಿಗೆ ಐದು

ಒಟ್ಟು ನಲವತ್ತಾರು ಕವಿತೆ.
ಹೆಸರಿನ ಮೇಲೆ ಕರೀ ಪಟ್ಟಿ, ಪಕ್ಕಕ್ಕೊಂದು ನಂಬರು.
ವಾಡಿ ಜಂಕ್ಷನ್ನಿನ ಕನ್ನಡ ಸಂಘದ ಖೋಲಿ,
ಒಂದು ಫ್ಯಾನು, ಮೂರು ಖುರ್ಚಿ, ಮೂರು ಜನ ನಾವು:
ನಿವೃತ್ತ ಹೆಡ್‌ಮಾಸ್ತರ ವಿರೂಪಣ್ಣ ಹಳಕರ್ಟಿ,
ಸಿಮೆಂಟ್ ಫ್ಯಾಕ್ಟರಿಯ ಟೈಂಕೀಪರ್ ಚಂದ್ರಾಮ,
ಕಾಲು, ಅರ್ಧ, ಮುಕ್ಕಾಲು ಎಂದೇ ಅಂಕ ಕೊಡುವವರು,
ಮತ್ತೆ ನಾನು,
ಇಪ್ಪತ್ತೆರಡು ವರ್ಷದಿಂದ ಮಕ್ಕಳ ಕಾಗುಣಿತಕ್ಕೆ
ಕೆಂಪು ಸುತ್ತು ಹಾಕುತ್ತಾ ಬಂದವಳು.

ಭಾವಕ್ಕೆ ಹತ್ತು, ಭಾಷೆಗೆ ಹತ್ತು,
ಅಕ್ಷರ ಶುದ್ಧಿಗೆ ಐದು.

ಹದಿನಾಲ್ಕು ಜನ ತಾಯಿಯನ್ನು ದೇವರೆಂದಿದ್ದರು.
ಒಂಬತ್ತು ಜನ ಬಾವುಟ ಹಾರಿಸಿದ್ದರು.
ಮೂರನೇ ನಂಬರು ಚಂದ್ರನಿಗೆ ಪ್ರೇಮಪತ್ರ ಬರೆದು
ಕೆಳಗೆ ತನ್ನ ಮೊಬೈಲ್ ನಂಬರು ಕೊಟ್ಟಿದ್ದ. ಅನರ್ಹ.
ಒಬ್ಬರು ರವೆ ಉಂಡಿ ಕಟ್ಟುವುದನ್ನು ಪ್ರಾಸದಲ್ಲಿ ಕಟ್ಟಿದ್ದರು.
ಏಲಕ್ಕಿ ಮರೆತಾರ ಅಂತ ಚಂದ್ರಾಮ ಕಾಲಂಕ ಕಳೆದರು.

ಹನ್ನೊಂದನೇ ನಂಬರು ಶುದ್ಧ.
ತೊಳೆದ ಶಹಾಬಾದ ಪರಸಿಯಂಥ ಕವಿತೆ:
ಕಾಲಿಟ್ಟರೆ ತಂಪು,
ದಾಟಿ ಬಂದ ಮೇಲೆ ಯಾರ ಹೆಜ್ಜೆಯೂ ಇಲ್ಲ.

ಇಪ್ಪತ್ತೊಂಬತ್ತು ಬಂದದ್ದು
ರನ್ನಿಂಗ್ ರೂಮಿನ ಊಟದ ಲೆಕ್ಕದ ಹಾಳೆಯ ಬೆನ್ನ ಮೇಲೆ.
ತಿರುವಿದರೆ: ಡ್ರೈವರ್ ಆರು, ಗಾರ್ಡ್ ನಾಲ್ಕು, ಚಪಾತಿ ನಲವತ್ತು.
ಮೂಲೆಯಲ್ಲಿ ಎಣ್ಣೆಯ ಹೆಬ್ಬೆಟ್ಟು.
ಏಳೇ ಸಾಲು. ನಡುವೆ ಹೀಗೆ:

"ಬಾಗಿಲು ಬಡೀತು. ಅಪ್ಪ ಬಂದ್ರಾ ಅಂದೆ.
ಗಾಲಿ ಅಷ್ಟೇ, ಮಲಗು, ಅಂತ ಅಮ್ಮ.
ನಾನು ಮಲಗಿದೆ. ಅಮ್ಮ ಮಲಗಲಿಲ್ಲ."

ಕೈ ತಾನಾಗಿಯೇ ಹೋಗಿ
'ಲಿ'ಗೆ ಕೆಂಪು ಸುತ್ತು ಹಾಕಿತು.
ಆಮೇಲೆ ಓದಿದೆ.

ಹಳಕರ್ಟಿ ಸರ್ ನಕ್ಕರು.
"ಗಾಳಿಗೆ ಗಾಲಿ! ಯಾರಂತ ಗೊತ್ತಾಗೇ ಬಿಡ್ತಲ್ರಿ.
ಹೆಸರಿಗೆ ಪಟ್ಟಿ ಹಚ್ಚಬಹುದು, ನಾಲಿಗಿಗೆ ಹಚ್ಚಲಾಕ ಬರತದೇನು?"
ಆ ನಗು ನನ್ನ ಹಲ್ಲಿಗೂ ಒಂದು ಗಳಿಗೆ ಸಿಕ್ಕಿತ್ತು,
ಸುಳ್ಳು ಯಾಕೆ ಹೇಳಲಿ.

ಚಂದ್ರಾಮ ನಗಲಿಲ್ಲ.
"ನಮ್ಮಪ್ಪ ಪಾಯಿಂಟ್ಸ್‌ಮನ್ ಇದ್ದ ಸರ್.
ಕ್ವಾರ್ಟರ್ಸಿನಾಗ ರಾತ್ರಿ ಬಾಗಿಲು ಬಡಿಯೋದು ಗಾಳಿಗಲ್ಲ,
ಗೂಡ್ಸ್ ಹೊಂಟಾಗ. ಗಾಲಿನೇ ಅದು. ಖರೇ ಬರದಾರ."
"ಖರೇ ಬರದಾರೋ, ತಪ್ಪು ಬರದದ್ದು ಖರೇ ಆಗ್ಯಾದೋ?"
"ಹಂಗಾದ್ರ ಫರಕ್ ಏನ್ರಿ?"
"ಐದು ಅಂಕದ್ದು."

ಉಳಿದ ಆರು ಸಾಲಿನಲ್ಲಿ ಒಂದಾದರೂ 'ಳ' ಇದ್ದರೆ
ಸಾಕ್ಷಿ ಸಿಗುತ್ತಿತ್ತು. ಮೂವರೂ ಬಗ್ಗಿ ಹುಡುಕಿದೆವು.
ಇರಲಿಲ್ಲ.
ಎರಡನೇ ಚಹಾ ಆರಿತು. ಹೊರಗೆ ಯಾವುದೋ ಗಾಡಿ
ತಡವಾಗಿದೆಯೆಂದು ಮೂರು ಭಾಷೆಯಲ್ಲಿ ಕ್ಷಮೆ ಕೇಳುತ್ತಿತ್ತು.

ಚಂದ್ರಾಮ ಅವತ್ತು ಮೊದಲ ಸಲ
ಮುರಿಯದ ಐದು ಬರೆದರು.
ಸರ್ ಸೊನ್ನೆ.
ನಾನು ಎರಡು.
ಈಗಲೂ ಗೊತ್ತಿಲ್ಲ ಯಾತಕ್ಕೆ ಎರಡು.
ಪರಸಿಗೆ ಮೊದಲ ಬಹುಮಾನ,
ಇಪ್ಪತ್ತೊಂಬತ್ತಕ್ಕೆ ಸಮಾಧಾನಕರ.

ಪಟ್ಟಿ ಕಿತ್ತಾಗ: ಜೈತುನಬಿ, ರನ್ನಿಂಗ್ ರೂಮ್ ಅಡಿಗಿ.
ಸ್ಟೀಲ್ ಡಬ್ಬಿ ಇಸಕೊಳ್ಳಲು ಬಂದವಳ
ಉಗುರಿನಲ್ಲಿ ಇನ್ನೂ ಹಿಟ್ಟಿತ್ತು.
ಮೈಕಿನಿಂದ ದೂರ ಕರೆದು ಕೇಳಿದೆ:
"ಗಾಳಿನೋ, ಗಾಲಿನೋ?"
"ಹೌದ್ರಿ ಮೇಡಂ, ಅದೇ."
"ಎರಡರಾಗ ಯಾವುದು?"
ನನ್ನ ಮುಖ ನೋಡಿದಳು, ಕಿವಿ ಕೇಳದವರಿಗೆ ಹೇಳುವ ಹಾಗೆ
ಸ್ವಲ್ಪ ಜೋರಾಗಿ ಅಂದಳು:
"ಅದೇ ರೀ. ಗಾಲಿ."

ಹಾಳೆ ವಾಪಸು ಕೊಟ್ಟೆ.
ಅವಳ ಮಗ, ಐದಾರು ವರ್ಷದವನು,
ಕೆಂಪು ಸುತ್ತಿನ ಮೇಲೆ ಬೆರಳಿಟ್ಟು
ಸುತ್ತಾ ಸುತ್ತಾ ಓಡಿಸತೊಡಗಿದ,
ಬಾಯಲ್ಲಿ ಸಣ್ಣಗೆ ಕೂ ಅಂತ.
ಅವಳು ಅವನ ಕೈ ಹಿಡಿದಳು:
"ಬ್ಯಾಡೋ. ಮೇಡಂ ಬರದಿದ್ದು.
ಅಲಿಸಿ ಹೋಗ್ತದ."